ಒಂದೂವರೆ ವರ್ಷ ಆಯ್ತು, ಇನ್ನೂ ಅಲಂಕಾರದಲ್ಲೇ ಇದ್ದೇನೆ. ಸಂಗೀತ ಕಲಿಸುವವರು ಏನಂತೀರಿ?

ಅಲಂಕಾರದಲ್ಲೇ ನಿಂತವಳು

ಎಲ್ಲರಿಗೂ ನಮಸ್ಕಾರ. ನನಗೀಗ 27. ಕೆಲಸಕ್ಕೆ ಹೋಗುತ್ತಾ ಕರ್ನಾಟಕ ಸಂಗೀತ ಹಾಡುಗಾರಿಕೆ ಕಲಿಯುತ್ತಿದ್ದೇನೆ. ಸರಳೆ, ಜಂಟಿ, ದಾಟು ವರಸೆ ಅನ್ನುವ ಮೊದಲ ಸ್ವರಾಭ್ಯಾಸಗಳೆಲ್ಲ ಮುಗಿದು ನಾಲ್ಕು ತಿಂಗಳಿಂದ ಅದರ ಮುಂದಿನ ಅಭ್ಯಾಸವಾದ ಅಲಂಕಾರ ನಡೆಯುತ್ತಿದೆ. ಟೀಚರ್ ಮುಂದಕ್ಕೆ ಬಿಡುತ್ತಿಲ್ಲ. "ಇನ್ನೊಂದ್ಸಲ, ಮೊದಲನೇ ಕಾಲ" ಅಂತಾರೆ (ಕಾಲ ಅಂದರೆ ಹಾಡುವ ವೇಗ). ಏನು ತಪ್ಪಾಯ್ತು ಅಂತ ಕೇಳಿದರೆ "ಕೇಳಿಸ್ಕೋ" ಅನ್ನುತ್ತಾರೆ. ಅಷ್ಟೇ.

ನನ್ನ ಜೊತೆ ಕೆಲಸ ಮಾಡುವ ಹುಡುಗಿ ಆರು ತಿಂಗಳ ಹಿಂದೆ ವಿಡಿಯೊ ನೋಡಿ ಕಲಿಯೋಕೆ ಶುರು ಮಾಡಿದಳು. ಈಗ ಕೀರ್ತನೆ ಹಾಡುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹೊಟ್ಟೆಕಿಚ್ಚು ಅಂತಲೇ ಇಟ್ಟುಕೊಳ್ಳಿ. ಆದರೂ ಕೇಳುತ್ತೇನೆ: ನಾನು ಸುಮ್ನೆ ಸಮಯ ಹಾಳು ಮಾಡ್ತಿದ್ದೀನಾ? ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು? 27 ಅಂದರೆ ತಡ ಆಯ್ತಾ?

ಪಾಠದ ಅಕ್ಕ

ಹಾಡುಗಾರಿಕೆ ಕಲಿಸಲು ಶುರು ಮಾಡಿ 22 ವರ್ಷ ಆಯಿತು. ಈ ಪ್ರಶ್ನೆ ವರ್ಷಕ್ಕೆ ಹತ್ತು ಸಲ ಕೇಳುತ್ತೇನೆ, ಆದ್ದರಿಂದ ಬೇಜಾರಿಲ್ಲದೆ ಉತ್ತರ ಬರೆಯುತ್ತೇನೆ.

ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಶ್ರುತಿ ಪೆಟ್ಟಿಗೆ ಹಾಕಿ, ಷಡ್ಜ (ಸ) ಚೆನ್ನಾಗಿ ಹಿಡಿಯಿರಿ. ಈಗ ಶ್ರುತಿ ಆಫ್ ಮಾಡಿ, ಒಂದು ಅಲಂಕಾರವನ್ನು ಮೂರು ಕಾಲದಲ್ಲೂ ಹಾಡಿ. ಕೊನೆಯ ಷಡ್ಜದಲ್ಲಿ ನಿಂತುಕೊಂಡೇ ಮತ್ತೆ ಶ್ರುತಿ ಆನ್ ಮಾಡಿ. ನೀವು ಎಲ್ಲಿದ್ದೀರಿ, ಅದು ಎಲ್ಲಿದೆ, ಗೊತ್ತಾಗುತ್ತೆ. ಹೊಸಬರಲ್ಲಿ ಹೆಚ್ಚಿನವರು ಕೆಳಗೆ ಜಾರಿರುತ್ತಾರೆ. ಕೆಲವರು ಗಾಬರಿಯಲ್ಲಿ ಮೇಲೆ ಹೋಗಿರುತ್ತಾರೆ. ನಿಮ್ಮ ಟೀಚರ್ "ಕೇಳಿಸ್ಕೋ" ಅನ್ನುವುದು ಬಹುಶಃ ಇದನ್ನೇ. ಬಿಡಿಸಿ ಹೇಳಬಹುದಿತ್ತು, ಅದು ಬೇರೆ ಮಾತು. ನಮ್ಮಲ್ಲಿ ತುಂಬಾ ಜನರಿಗೆ ಹಾಡಿ ತೋರಿಸಲು ಬರುತ್ತೆ, ಬಾಯಿಬಿಟ್ಟು ಹೇಳಲು ಬರಲ್ಲ. ನಾನೂ ಹತ್ತು ವರ್ಷ ಹಾಗೇ ಇದ್ದೆ.

ಎರಡನೆಯದು. ಮಾಯಾಮಾಳವಗೌಳ ರಾಗದಲ್ಲೇ ಯಾಕೆ ಶುರು ಅಂತ ಯೋಚಿಸಿದ್ದೀರಾ? 72 ಮೇಳಕರ್ತ, ಅಂದರೆ ಮೂಲ ರಾಗಗಳಲ್ಲಿ ಅದು 15ನೆಯದು. ಮೊದಲ ಪಾಠಕ್ಕೆ ಅದನ್ನು ಇಟ್ಟವರು ಪುರಂದರದಾಸರು ಅಂತ ಪರಂಪರೆ ಹೇಳುತ್ತೆ. ಸ, ರಿ ಹತ್ತಿರ. ರಿ, ಗ ದೂರ. ಗ, ಮ ಮತ್ತೆ ಹತ್ತಿರ. ಪಂಚಮದಿಂದ ಮೇಲೆ ಅದೇ ಅಳತೆ ಇನ್ನೊಂದು ಸಲ: ಪ, ದ ಹತ್ತಿರ, ದ, ನಿ ದೂರ, ನಿ, ಸ ಹತ್ತಿರ. ಕೆಳಗೆ ಕಲಿತದ್ದೇ ಮೇಲೂ ಸಿಗುತ್ತೆ. ಆ ಹತ್ತಿರದ ರಿ ಇದೆಯಲ್ಲ, ಅದನ್ನು ಷಡ್ಜಕ್ಕೆ ಅಂಟಿಸದೆ, ಮೇಲಕ್ಕೂ ತಳ್ಳದೆ ಹಾಡುವುದು ಸುಲಭ ಅಲ್ಲ. ಇಳಿಯುವಾಗ ಧೈವತ (ದ) ಮೇಲೇ ತೂಗಾಡುತ್ತಿರುತ್ತೆ, ಹಾಡುವವರಿಗೆ ಗೊತ್ತೇ ಆಗಲ್ಲ.

ಚೆನ್ನಾಗಿ ಶ್ರುತಿ ಸೇರಿಸಿದ ತಂಬೂರಿಯ ಹತ್ತಿರ ಕಿವಿ ಇಟ್ಟು ಕೇಳಿ. ಪ, ಸ, ಸ ಆಗಿ ಕೊನೆಯ ಮಂದ್ರ (ಕೆಳಗಿನ) ಷಡ್ಜದ ತಂತಿ ಮೀಟಿದಾಗ, ಯಾರೂ ಮೀಟದ ಒಂದು ಗಾಂಧಾರ (ಗ) ತೇಲಿ ಬರುತ್ತೆ. ಅದೇ ನೀವು ಹಾಡಬೇಕಾದ ಅಂತರ ಗಾಂಧಾರ. ಅದು ಕೇಳಿಸಿದ ದಿನ ನನ್ನ ಒಬ್ಬ ವಿದ್ಯಾರ್ಥಿ, ಬ್ಯಾಂಕಿನಿಂದ ನಿವೃತ್ತರಾದವರು, "ಮೇಡಂ, ಒಳಗೆ ಯಾರೋ ಹಾಡ್ತಿದ್ದಾರೆ" ಅಂದರು. ಅವರು ಕಲಿಯಲು ಬಂದಾಗ 61. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಸಿಕ್ಕಿತು ಅಲ್ವಾ?

ಅಭ್ಯಾಸ ಎಷ್ಟು ಹೊತ್ತು? ದಿನಾ 30 ನಿಮಿಷ, ತಪ್ಪಿಸದೆ. ಭಾನುವಾರ ಕೂತು ಮೂರು ಗಂಟೆ ಹಾಡಿ ಉಳಿದ ದಿನ ಸುಮ್ಮನಿದ್ದರೆ ಗಂಟಲು ನೋಯುತ್ತೆ, ಪಾಠ ನಿಲ್ಲಲ್ಲ.

ಕೀಬೋರ್ಡ್ ಹುಡುಗ

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಹಿರಿಯರು ಕೋಪ ಮಾಡ್ಕೋಬೇಡಿ. ನಾನು ಕೀಬೋರ್ಡ್ ಮತ್ತು ಗಿಟಾರ್ ಕಲಿಸುತ್ತೇನೆ. ಮೊದಲ ತಿಂಗಳಲ್ಲೇ ಒಂದು ಹಾಡು ಕೈಗೆ ಕೊಡುತ್ತೇನೆ. ಮೂರೇ ಕಾರ್ಡ್, ಸರಳ ತಾಳ. ಮನೆಗೆ ಹೋಗಿ ನುಡಿಸಿ ತೋರಿಸುತ್ತಾರೆ, ಖುಷಿ ಆಗುತ್ತೆ, ಮುಂದಿನ ವಾರ ಬರುತ್ತಾರೆ. ಒಂದೂವರೆ ವರ್ಷ ಬರೀ ವ್ಯಾಯಾಮ ಮಾಡಿಸಿ ಎಷ್ಟು ಜನ ಬಿಟ್ಟು ಹೋಗಿದ್ದಾರೆ ಅಂತ ಯಾರಾದರೂ ಲೆಕ್ಕ ಇಟ್ಟಿದ್ದೀರಾ? ಬಿಟ್ಟು ಹೋದವರು ಇಲ್ಲಿ ಬಂದು ಬರೆಯುವುದಿಲ್ಲ. ಉಳಿದವರು ಮಾತ್ರ "ನನಗೆ ಒಳ್ಳೇದೇ ಆಯ್ತು" ಅಂತ ಬರೆಯುತ್ತಾರೆ.

ನಾನೇ ಹತ್ತನೇ ವಯಸ್ಸಿನಲ್ಲಿ ಹಾಡುಗಾರಿಕೆ ಬಿಟ್ಟವನು. ಎರಡು ವರ್ಷ ಜಂಟಿ ವರಸೆ. ಒಂದು ದಿನ ಪಾಠಕ್ಕೆ ಹೋಗದೆ ಆಟದ ಮೈದಾನಕ್ಕೆ ಹೋದೆ, ಮತ್ತೆ ಹೋಗಲೇ ಇಲ್ಲ. ಹದಿನಾರರಲ್ಲಿ ಒಂದು ಹಳೇ ಕೀಬೋರ್ಡ್ ಸಿಕ್ಕಿದಾಗ ಸಂಗೀತ ವಾಪಸ್ ಬಂತು.

ಪಾಠದ ಅಕ್ಕ

ಕೋಪ ಏನಿಲ್ಲಪ್ಪ. ಬಿಟ್ಟು ಹೋದವರ ಲೆಕ್ಕದ ಮಾತು ಸರಿಯಾಗೇ ಇದೆ, ನನ್ನ ಹತ್ತಿರ ಉತ್ತರ ಇಲ್ಲ. ನಾನೂ ಈಗ ಮಕ್ಕಳಿಗೆ ಎರಡನೇ ತಿಂಗಳಿಂದಲೇ ಒಂದು ಸಣ್ಣ ದೇವರನಾಮ ಹೇಳಿಕೊಡುತ್ತೇನೆ. ಗಮಕ ಗಿಮಕ (ಸ್ವರವನ್ನು ತೂಗುವುದು, ಜಾರಿಸುವುದು) ಏನೂ ಇಲ್ಲದೆ, ಬಾಯಿಪಾಠ. ವರಸೆ ಅದರ ಪಾಡಿಗೆ ನಡೆಯುತ್ತಿರುತ್ತೆ.

ಆದರೆ ಒಂದು ವಿಷಯ. ಕೀಬೋರ್ಡಿನ ಮೇಲೆ ಬೆರಳಿಟ್ಟರೆ ಗಾಂಧಾರ ತಾನಾಗಿ ಬರುತ್ತೆ. ಗಂಟಲಿನಲ್ಲಿ ಹಾಗೆ ಸ್ವರದ ಮನೆ ಕಟ್ಟಿ ಇಟ್ಟಿಲ್ಲ, ದಿನಾ ಕಟ್ಟಿಕೊಳ್ಳಬೇಕು. ನಿಮ್ಮ ಕೀಬೋರ್ಡಿನ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಕೂದಲೆಳೆ ಮೇಲೆ ಇರುತ್ತೆ, ಅದನ್ನೂ ನೋಡಿಕೊಳ್ಳಿ. ಹನ್ನೆರಡು ಮನೆಗಳನ್ನೂ ಒಂದೇ ಅಳತೆಗೆ ಸಮ ಮಾಡಿದ ಪರಿಣಾಮ ಅದು. ಕೀಬೋರ್ಡ್ ಜೊತೆಗೇ ಹಾಡಿ ಕಲಿತವರನ್ನು ತಂಬೂರಿ ಮುಂದೆ ಕೂರಿಸಿದರೆ ಮೊದಲ ವಾರ ಒದ್ದಾಡುತ್ತಾರೆ.

ತಾ ದಿ ತೊಂ ನಂ

ಮೃದಂಗದವನು. ಶ್ರುತಿ ಬಗ್ಗೆ ಅಕ್ಕ ಹೇಳಿದ್ದಾರೆ. ನಾನು ತಾಳದ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಹಾಡುವವರು ಅದನ್ನು ಎಡಗಾಲಲ್ಲಿ ಒದ್ದು ಆಮೇಲೆ ನಮ್ಮ ಕಡೆ ನೋಡುತ್ತಾರೆ.

ಅಲಂಕಾರ ಅಂದರೆ ಸ್ವರದ ಪಾಠ ಅಂದುಕೊಂಡಿದ್ದೀರಿ. ಅದು ಏಳು ತಾಳಗಳ ಪಾಠ. ಧ್ರುವ 14 ಅಕ್ಷರ (ಎಣಿಕೆ), ಮಠ್ಯ 10, ರೂಪಕ 6, ಝಂಪೆ 10, ತ್ರಿಪುಟ 7, ಅಟ 14, ಏಕ 4. ಮಠ್ಯಕ್ಕೂ ಝಂಪೆಗೂ ಹತ್ತೇ ಅಕ್ಷರ, ಆದರೆ ನಡಿಗೆ ಒಂದೇನಾ? ಝಂಪೆ ಹಾಕಿ ನೋಡಿ. ತಾಳದ ಭಾಗಗಳಲ್ಲಿ ಮೊದಲು ಏಳು ಎಣಿಕೆಯ ಲಘು. ಒಂದು ಏಟು, ಆಮೇಲೆ ಕಿರುಬೆರಳಿಂದ ಎಣಿಸುತ್ತಾ ಹೋಗಿ, ಹೆಬ್ಬೆರಳಾದ ಮೇಲೆ ಮತ್ತೆ ಕಿರುಬೆರಳಿಗೆ ಬರಬೇಕು. ನಂತರ ಅನುದ್ರುತ, ಒಂದೇ ಏಟು. ನಂತರ ದ್ರುತ, ಏಟು ಮತ್ತು ತಿರುವು. ನೂರಕ್ಕೆ ತೊಂಬತ್ತು ಜನ (ನನ್ನ ಅಂದಾಜು, ಬಿಡಿ) ಆ ಅನುದ್ರುತದಲ್ಲಿ ಅರ್ಧ ಉಸಿರು ಹೆಚ್ಚು ನಿಲ್ಲುತ್ತಾರೆ. ಕೈ ಗೊಂದಲ ಆಗುತ್ತೆ, ಗಂಟಲು ಕೈಗಾಗಿ ಕಾಯುತ್ತೆ. ಮೊದಲ ಕಾಲದಲ್ಲಿ ಅರ್ಧ ಉಸಿರು. ಮೂರನೇ ಕಾಲದಲ್ಲಿ ಅದೇ ತಪ್ಪು ಇಡೀ ಆವರ್ತವನ್ನೇ, ಅಂದರೆ ತಾಳದ ಒಂದು ಸುತ್ತನ್ನೇ ಕೆಡಿಸುತ್ತೆ.

ಒಂದು ಕಥೆ ಹೇಳುತ್ತೇನೆ, ಊರು ಹೆಸರು ಬೇಡ. ಒಂಬತ್ತು ವರ್ಷದ ಹುಡುಗಿ, ದನಿ ಜೇನು. ಸ್ಪರ್ಧೆಗೆ ಅಂತ ದೊಡ್ಡ ಕೀರ್ತನೆಯೊಂದನ್ನು ಬಾಯಿಪಾಠ ಮಾಡಿಸಿದ್ದರು. ನನ್ನನ್ನು ಹಿಂದಿನ ದಿನ ಪಕ್ಕವಾದ್ಯಕ್ಕೆ ಕರೆದರು. ಮಗು ಹಾಡಿತು, ನಾನು ಕೈ ಇಟ್ಟೆ. ಎರಡನೇ ಸಾಲಿಗೆ ಮಗು ನಿಂತುಬಿಟ್ಟಿತು. ಮತ್ತೆ ಶುರು, ಮತ್ತೆ ಅಲ್ಲೇ ನಿಂತಿತು. ಕೊನೆಗೆ ನನ್ನ ಕಡೆ ತಿರುಗಿ ಕೇಳಿತು: "ಅಂಕಲ್, ನೀವು ನುಡಿಸದೇ ಇರ್ತೀರಾ?" ಆ ಮಗುವಿಗೆ ಹಾಡು ಗೊತ್ತಿತ್ತು, ತಾಳ ಗೊತ್ತಿರಲಿಲ್ಲ. ನನ್ನ ಏಟು ಅದಕ್ಕೆ ಗದ್ದಲ. ಮಗುವಿನ ತಪ್ಪಲ್ಲ. ನಾನು ಮರುದಿನ ಬರೀ ಸರ್ವಲಘು, ಅಂದರೆ ಸರಳ ನಡೆ, ಇಟ್ಟುಕೊಂಡು ಅದರ ಹಿಂದೆ ಹಿಂದೆ ನಡೆದೆ. ಬಹುಮಾನ ಬಂತು, ಅದು ಇನ್ನೂ ಕೆಟ್ಟದ್ದಾಯಿತು. ತಾಯಿ ತಂದೆ ಆ ದಾರಿಯೇ ಸರಿ ಅಂದುಕೊಂಡರು.

ನಿಮ್ಮ ಗೆಳತಿ ಕೀರ್ತನೆ ಹಾಡುತ್ತಾಳಲ್ಲ, ತಾಳ ಹಾಕಿಕೊಂಡು ಹಾಡುತ್ತಾಳಾ?

ಅಲಂಕಾರದಲ್ಲೇ ನಿಂತವಳು

ಇಲ್ಲ ಸರ್. ಫೋನಿನಲ್ಲಿ ಕರೋಕೆ ಹಾಕಿಕೊಂಡು ಹಾಡುತ್ತಾಳೆ. ಆದರೆ ಚೆನ್ನಾಗೇ ಇರುತ್ತೆ, ಸುಳ್ಳು ಯಾಕೆ ಹೇಳಲಿ.

ಕೀಬೋರ್ಡ್ ಹುಡುಗ

ನೋಡಿದ್ರಾ, ಚೆನ್ನಾಗಿದೆ ಅಂದರು. ಅಷ್ಟು ಸಾಕು ಅನ್ನುವವರಿಗೆ ಅಷ್ಟು ಸಾಕು. ಎಲ್ಲರೂ ಸಂಗೀತ ಕಚೇರಿ ಮಾಡಬೇಕು ಅಂತ ಏನಿದೆ?

ತಾ ದಿ ತೊಂ ನಂ

ಒಪ್ಪಿದೆ. ಆದರೆ ಪ್ರಶ್ನೆ ಕೇಳಿದವರಿಗೆ ಅಷ್ಟು ಸಾಕು ಅನಿಸಿದ್ದರೆ ಒಂದೂವರೆ ವರ್ಷ ಕೂರುತ್ತಿರಲಿಲ್ಲ.

ಖರಜ

ಹಿಂದೂಸ್ತಾನಿ ಕಡೆಯವನು. ನಮ್ಮಲ್ಲೂ ಇದೇ ಜಗಳ, ಹೆಸರು ಬೇರೆ. ನಿಮ್ಮ ಮಾಯಾಮಾಳವಗೌಳದ ಸ್ವರಗಳೇ ನಮ್ಮ ಭೈರವ್. ನನ್ನ ಗುರುಗಳು ಮೊದಲ ವರ್ಷ ಬೆಳಗ್ಗೆ ಬರೀ ಮಂದ್ರದ ಷಡ್ಜ, ಅದರ ಕೆಳಗೆ ಎಷ್ಟು ಇಳಿಯಲು ಆಗುತ್ತೋ ಅಷ್ಟು ಹಾಡಿಸಿದರು. ಸಂಜೆ ಪಲ್ಟಾ, ನಿಮ್ಮ ವರಸೆಯಂಥ ಸ್ವರಾಭ್ಯಾಸ. ರಾಗ ಅಂತ ಹೇಳಿಕೊಟ್ಟಿದ್ದು ಯಮನ್ ಒಂದೇ.

ಅದರಿಂದ ಏನಾಯ್ತು ಅಂತ ಕೇಳಿದರೆ, ಹಾಡುವಾಗ ಹೆದರಿಕೆ ಹೋಯಿತು. ಮೇಲಿನ ಸ್ವರ ಬಂದಾಗ ಕುತ್ತಿಗೆ ಚಾಚುತ್ತಿದ್ದೆ, ಹುಬ್ಬು ಮೇಲೇರುತ್ತಿತ್ತು. ಗುರುಗಳು ಒಂದು ಕನ್ನಡಿ ತಂದು ಮುಂದೆ ಇಟ್ಟರು, ಏನೂ ಹೇಳಲಿಲ್ಲ. ಈಗ ನನ್ನ ಪಾಠದ ಕೋಣೆಯಲ್ಲೂ ಒಂದು ಕನ್ನಡಿ ಇದೆ. ದವಡೆ ಬಿಗಿ ಮಾಡುವವರು, ಭುಜ ಎತ್ತಿ ಉಸಿರು ತೆಗೆದುಕೊಳ್ಳುವವರು, ಎಲ್ಲರೂ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತಾರೆ. ನಾನು ಬೈಯುವ ಕೆಲಸ ಉಳಿಯಿತು.

ಹುಡುಗನ ಅಮ್ಮ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೆ 13. ಏಳು ವರ್ಷದಿಂದ ಹಾಡುತ್ತಿದ್ದ, ವರ್ಣದ (ಗೀತೆಗಳ ಮುಂದಿನ ಪಾಠ) ತನಕ ಬಂದಿದ್ದ. ಎರಡು ತಿಂಗಳಿಂದ ದನಿ ಒಡೆಯುತ್ತಿದೆ. ಮೊನ್ನೆ ಪಾಠದಲ್ಲಿ ತಾರ (ಮೇಲಿನ) ಷಡ್ಜಕ್ಕೆ ಹೋಗುವಾಗ ಕೀರಲಾಯಿತು, ಉಳಿದ ಮಕ್ಕಳು ನಕ್ಕರು. ಅಂದಿನಿಂದ ಹೋಗಲ್ಲ ಅಂತಾನೆ. ಪಾಠದಲ್ಲಿ "ಜೋರಾಗಿ ಹಾಡು, ಸರಿ ಹೋಗುತ್ತೆ" ಅಂದರಂತೆ. ನಿಜಾನಾ?

ಪಾಠದ ಅಕ್ಕ

ಅಯ್ಯೋ, ಬೇಡಮ್ಮ. ಜೋರಾಗಿ ಹಾಡಿಸಲೇಬೇಡಿ. ಆ ವಯಸ್ಸಿನಲ್ಲಿ ಹುಡುಗರ ಗಂಟಲ ಪೆಟ್ಟಿಗೆ ದೊಡ್ಡದಾಗುತ್ತೆ, ದನಿಯ ತಂತುಗಳು ಉದ್ದ ಮತ್ತು ದಪ್ಪ ಆಗುತ್ತವೆ. ದನಿ ಹೆಚ್ಚುಕಮ್ಮಿ ಒಂದು ಸ್ಥಾಯಿ (ಒಂದು ಸ ಇಂದ ಇನ್ನೊಂದು ಸ ತನಕ) ಕೆಳಗೆ ಇಳಿಯುತ್ತೆ. ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂ ಮನೆಗಳ ಲೆಕ್ಕ, ಸಂಖ್ಯೆ ಹೆಚ್ಚಾದಷ್ಟೂ ಶ್ರುತಿ ಮೇಲೆ) ಹಾಡುತ್ತಿದ್ದವನು ಕೊನೆಗೆ ಒಂದು, ಒಂದೂವರೆ ಮನೆಗೆ ಬಂದು ನಿಲ್ಲಬಹುದು. ಅಲ್ಲಿಯ ತನಕ ಶ್ರುತಿ ತಿಂಗಳಿಗೊಮ್ಮೆ ಬದಲಾದರೂ ಬದಲಾಯಿಸಿ. ಎಲ್ಲಿ ಸುಲಭವೋ ಅಲ್ಲಿ, ಮೆಲ್ಲಗೆ, ದಿನಾ ಹತ್ತು ಹದಿನೈದು ನಿಮಿಷ. ತಾರಸ್ಥಾಯಿ ಸದ್ಯಕ್ಕೆ ಮರೆತುಬಿಡಿ. ನೋವು ಬಂದರೆ ನಿಲ್ಲಿಸಬೇಕು. ದನಿ ಕಟ್ಟಿ ಮೂರು ವಾರ ಕಳೆದರೂ ಬಿಡದಿದ್ದರೆ ಕಿವಿ ಮೂಗು ಗಂಟಲ ವೈದ್ಯರಿಗೆ ತೋರಿಸಿ.

ಈ ಸಮಯ ತಾಳ ಕಲಿಯಲು, ಸ್ವರ ಬರೆಯಲು, ಕೇಳಲು ತುಂಬಾ ಒಳ್ಳೆಯದು. ಮತ್ತೆ ಆ ಗುಂಪು ಪಾಠದಿಂದ ಕೆಲವು ತಿಂಗಳು ಬಿಡಿಸಿ, ಒಬ್ಬನೇ ಕಲಿಯಲಿ. ನಗುವ ಮಕ್ಕಳ ಎದುರು ಹಾಡು ಅಂದರೆ ಯಾರು ತಾನೇ ಹಾಡುತ್ತಾರೆ?

ಖರಜ

ಹುಡುಗನಿಗೆ ಗಂಗೂಬಾಯಿ ಹಾನಗಲ್ (1913–2009) ಅವರ ಹಳೆಯ ಧ್ವನಿಮುದ್ರಿಕೆಯೊಂದನ್ನೂ ನಂತರದ್ದೊಂದನ್ನೂ ಕೇಳಿಸಿ. ಮೊದಲಿನ ದನಿ ಎತ್ತರ, ತೆಳು. ಗಂಟಲಿನ ಚಿಕಿತ್ಸೆಯ ನಂತರ ದನಿ ಗಡುಸಾಯಿತು. ನಾವೆಲ್ಲ ತಲೆದೂಗುವುದು ಆ ಎರಡನೇ ದನಿಗೆ.

ತಾ ದಿ ತೊಂ ನಂ

ಅಥವಾ ಒಂದು ವರ್ಷ ನನ್ನಂಥವರ ಹತ್ತಿರ ಕಳಿಸಿ. ಮೃದಂಗಕ್ಕೆ ದನಿ ಒಡೆಯಲ್ಲ. 🙂

ಕಮಾನು

ಪಿಟೀಲು ಟೀಚರ್. ತಡವಾಗಿ ಬಂದೆ, ಎಲ್ಲ ಓದಿದೆ. ಗಾಯಕರು ಅದೃಷ್ಟವಂತರು, ಮೊದಲ ದಿನವೇ ಅವರ ದನಿ ಕೇಳುವಂತಿರುತ್ತೆ. ನಮ್ಮಲ್ಲಿ ಮೊದಲ ಮೂರು ತಿಂಗಳು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ.

ನಾನು ಹೊಸಬರಿಗೆ ಕೊಡುವ ಪಾಠ ಒಂದೇ. ಎಡಗೈ ಇಡಬೇಡಿ. ಖಾಲಿ ತಂತಿಯ ಮೇಲೆ ಕಮಾನು, ತುದಿಯಿಂದ ಬುಡಕ್ಕೆ, ಬುಡದಿಂದ ತುದಿಗೆ, ಎಂಟು ಎಣಿಸುವ ತನಕ ಒಂದು ಎಳೆತ. ಸದ್ದು ಎಲ್ಲೂ ನಡುಗಬಾರದು. ಬುಡದ ಹತ್ತಿರ ಕಮಾನಿನ ಭಾರ ಜಾಸ್ತಿ, ಅಲ್ಲಿ ತಂತಿ ಕೀರುತ್ತೆ. ತುದಿಯಲ್ಲಿ ಭಾರ ಕಡಿಮೆ, ಅಲ್ಲಿ ಸದ್ದು ಸೋರಿ ಹೋಗುತ್ತೆ. ತೋರುಬೆರಳು ಅದನ್ನು ಸರಿದೂಗಿಸಬೇಕು. ಅದಕ್ಕೆ ತಿಂಗಳುಗಳು ಬೇಕು. ಬೇಸರ ಆಗಿ ವಿದ್ಯಾರ್ಥಿಗಳು ಎಡಗೈ ಬೆರಳು ಇಟ್ಟು ಹಾಡು ನುಡಿಸಲು ಹೋಗುತ್ತಾರೆ. ಬೆರಳು ಸರಿ ಜಾಗಕ್ಕೆ ಬಿದ್ದರೂ ಕಮಾನು ಅದನ್ನು ಹಾಳು ಮಾಡುತ್ತೆ.

ದೊಡ್ಡ ಸಭೆಯ ಹಿಂದಿನ ಸಾಲಿಗೂ ಕೇಳಲಿ ಅಂತ ಪಿಟೀಲು ಚೌಡಯ್ಯನವರು (1895–1967) ಏಳು ತಂತಿಯ ಪಿಟೀಲು ಮಾಡಿಕೊಂಡರು. ನನ್ನ ವಿದ್ಯಾರ್ಥಿಗಳು ನಾಲ್ಕು ತಂತಿ ಶ್ರುತಿ ಮಾಡಿಕೊಳ್ಳಿ ಅಂದರೆ "ನೀವೇ ಮಾಡಿಕೊಡಿ ಮೇಡಂ" ಅಂತ ಕೈಗೆ ಕೊಡುತ್ತಾರೆ. ಮಾಡಿಕೊಡುವುದಿಲ್ಲ. ಪಾಠದ ಅರ್ಧ ಹೊತ್ತು ಹೋದರೂ ಪರವಾಗಿಲ್ಲ, ಅವರೇ ಮಾಡಿಕೊಳ್ಳಬೇಕು. ಬಿರಡೆ ತಿರುಗಿಸುತ್ತಾ ಕಿವಿ ತೆರೆದುಕೊಳ್ಳುತ್ತೆ. ಆ್ಯಪಿನ ಹಸಿರು ದೀಪ ನೋಡಿ ಶ್ರುತಿ ಮಾಡುವವರದು ಕಣ್ಣು ಮಾತ್ರ ಕಲಿಯುತ್ತೆ.

ಮೀಟು

ವೀಣೆ. ರೆಕಾರ್ಡಿಂಗ್ ಬಗ್ಗೆ ಯಾರೂ ಬರೆದಿಲ್ಲವಲ್ಲ. ಈಗ ಎಲ್ಲರೂ ಪಾಠ ಶುರುವಾಗುವ ಮೊದಲೇ ಫೋನ್ ಮುಂದೆ ಇಟ್ಟು ಕೆಂಪು ಗುಂಡಿ ಒತ್ತುತ್ತಾರೆ. ಆಮೇಲೆ ಕಿವಿ ರಜೆ ಹಾಕುತ್ತೆ. ಮನೆಗೆ ಹೋಗಿ ಕೇಳೋಣ ಅಂತ. ನಾನು ಒಂದು ನಿಯಮ ಮಾಡಿದ್ದೇನೆ: ಸಾಲನ್ನು ಮೂರು ಸಲ ನನಗೆ ವಾಪಸ್ ನುಡಿಸಿದ ಮೇಲೆ ಮಾತ್ರ ಫೋನ್ ತೆಗೆಯಬಹುದು. ಬಂದಿದ್ದನ್ನು ಉಳಿಸಿಕೊಳ್ಳಲು ಫೋನ್ ಇರಲಿ.

ನನ್ನದನ್ನು ರೆಕಾರ್ಡ್ ಮಾಡುವುದಕ್ಕಿಂತ ನಿಮ್ಮದನ್ನು ಮಾಡಿಕೊಳ್ಳಿ. ವಾರಕ್ಕೊಮ್ಮೆ ಎರಡು ನಿಮಿಷ. ಮರುದಿನ ಕೇಳಿ, ಅದೇ ದಿನ ಬೇಡ. ಅದೇ ದಿನ ಕೇಳಿದರೆ ಮನಸ್ಸಿನಲ್ಲಿದ್ದ ಹಾಡು ಕೇಳಿಸುತ್ತೆ, ಬಾಯಿಂದ ಬಂದದ್ದು ಕೇಳಿಸಲ್ಲ.

ಆನ್‌ಲೈನ್ ಪಾಠ ಮಾಡುವವರಿಗೆ ಒಂದು ಮಾತು. ಜೂಮ್‌ನಂಥವು ಒಂದೇ ಸಮ ಬರುವ ಸದ್ದನ್ನು ಫ್ಯಾನಿನ ಗದ್ದಲ ಅಂದುಕೊಂಡು ಅಳಿಸುತ್ತವೆ. ಅಂದರೆ ತಂಬೂರಿ! ಸೆಟ್ಟಿಂಗಿಗೆ ಹೋಗಿ ಒರಿಜಿನಲ್ ಸೌಂಡ್ ಅನ್ನುವುದನ್ನು ಆನ್ ಮಾಡಿಕೊಳ್ಳಿ. ಆದರೂ ಇಬ್ಬರೂ ಒಟ್ಟಿಗೆ ಹಾಡಲು ಆಗಲ್ಲ, ಸದ್ದು ತಡವಾಗಿ ತಲುಪುತ್ತೆ. ಗುರು ಒಂದು ಸಾಲು, ಶಿಷ್ಯ ಒಂದು ಸಾಲು, ಅಷ್ಟೇ. ಇದರಲ್ಲೊಂದು ಲಾಭ ಇದೆ. ಎದುರು ಕೂತಾಗ ನನ್ನ ವೀಣೆಯ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಹೊಸಬ

ಇದನ್ನೇ ವೃತ್ತಿ ಮಾಡಿಕೊಳ್ಳಬಹುದಾ? ಡಿಗ್ರಿ ಮುಗಿಸುತ್ತಿದ್ದೇನೆ, ಕೊಳಲು.

ಕಮಾನು

ಮಾಡಿಕೊಳ್ಳಬಹುದು. ಆದರೆ ಕಚೇರಿಯಿಂದಲೇ ಹೊಟ್ಟೆ ತುಂಬಿಸಿಕೊಳ್ಳುವವರು ಕಡಿಮೆ. ಉಳಿದ ನಾವೆಲ್ಲ ಪಾಠ ಹೇಳುತ್ತೇವೆ, ನೃತ್ಯಕ್ಕೆ ನುಡಿಸುತ್ತೇವೆ, ಸ್ಟುಡಿಯೊಗೆ ಹೋಗುತ್ತೇವೆ. ಪಾಠ ಹೇಳುವುದು ಇಷ್ಟ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇಷ್ಟ ಇಲ್ಲದೆ ಕಲಿಸುವವರ ಹತ್ತಿರ ನಾನು ನಾಲ್ಕು ವರ್ಷ ಕಲಿತಿದ್ದೇನೆ. ಪಾಠ ಶುರುವಾದ ಕ್ಷಣದಿಂದ ಗಡಿಯಾರ ನೋಡುತ್ತಿದ್ದರು.

ಖರಜ

ಮತ್ತೆ ಪಕ್ಕವಾದ್ಯದವರ ಜೊತೆ ಚೆನ್ನಾಗಿರಿ, ಸಮಯಕ್ಕೆ ಸರಿಯಾಗಿ ಹೋಗಿ. ಅರ್ಧ ಅವಕಾಶ ಅದರಿಂದಲೇ ಬರುತ್ತೆ.

ಅಲಂಕಾರದಲ್ಲೇ ನಿಂತವಳು

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡುತ್ತೇನೆ.

ಅಕ್ಕ ಹೇಳಿದ ಪರೀಕ್ಷೆ ಅದೇ ರಾತ್ರಿ ಮಾಡಿದೆ. ಶ್ರುತಿ ಆನ್ ಮಾಡಿದಾಗ ಮೊದಲು ಪೆಟ್ಟಿಗೆ ಕೆಟ್ಟಿದೆ ಅಂದುಕೊಂಡೆ. ಎಷ್ಟು ಕೆಳಗೆ ಇದ್ದೆ ಅಂದರೆ ಹೇಳಲು ನಾಚಿಕೆ. ಮರುದಿನ ಝಂಪೆ ತಾಳದ ಅಲಂಕಾರ ರೆಕಾರ್ಡ್ ಮಾಡಿ, ಅದರ ಮರುದಿನ ಕೇಳಿದೆ. ಮೃದಂಗದ ಸರ್ ಹೇಳಿದಂತೆ ಅನುದ್ರುತದಲ್ಲಿ ನಿಲ್ಲುತ್ತಿದ್ದೆ. ಪ್ರತಿ ಆವರ್ತದಲ್ಲೂ. ಜೊತೆಗೆ ಆ ಜಾಗದಲ್ಲಿ ಸಣ್ಣದಾಗಿ ಮೂಗಿನಲ್ಲಿ ಉಸಿರೆಳೆಯುವ ಸದ್ದು ಬೇರೆ.

ಆ ರೆಕಾರ್ಡಿಂಗ್ ಟೀಚರ್‌ಗೆ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. "ಗೊತ್ತಾಯ್ತಲ್ಲ" ಅಂದರು. ನಾನು ಸ್ವಲ್ಪ ಧೈರ್ಯ ಮಾಡಿ, "ಮೇಡಂ, ನಾಲ್ಕು ತಿಂಗಳ ಹಿಂದೆಯೇ ಹೇಳಬಹುದಿತ್ತಲ್ವಾ" ಅಂದೆ. ಅವರು ನಕ್ಕು, "ಹೇಳಿದ್ದೆ, ನೀನು ಮುಂದಿನ ಪಾಠ ಯಾವಾಗ ಅಂತ ಕೇಳ್ತಿದ್ದೆ" ಅಂದರು. ಹೇಳಿದ್ದರೋ ಇಲ್ಲವೋ, ನನಗಂತೂ ನೆನಪಿಲ್ಲ.

ಹೋದ ವಾರ ಗೀತೆ ಶುರುವಾಯಿತು! ಮಲಹರಿ ರಾಗ. ಈಗ ಹೊಸ ತೊಂದರೆ. ಏರುವಾಗ ದ ಆದ ತಕ್ಷಣ ಬಾಯಿ ತಾನಾಗಿ ನಿ ಅನ್ನುತ್ತೆ. ಈ ರಾಗದಲ್ಲಿ ನಿಷಾದ ಇಲ್ಲ ಅಂತ ಗೊತ್ತು, ಆದರೂ.

ಪಾಠದ ಅಕ್ಕ

ಒಂದೂವರೆ ವರ್ಷ ಸರಿಗಮಪದನಿಸ ಅಂದ ನಾಲಗೆ, ಬೇರೆ ಏನು ಅನ್ನಬೇಕು? ನಾಲ್ಕು ದಿನ ಬರೀ ಪ ದ ಸ, ಸ ದ ಪ ಹಾಡಿ. ದ ಮೇಲೆ ಎರಡು ಅಕ್ಷರ ನಿಂತು ಆಮೇಲೆ ಮೇಲಿನ ಸ ಹಿಡಿಯಿರಿ. ಮತ್ತೆ ಏರುವಾಗ ಗಾಂಧಾರವೂ ಇಲ್ಲ, ಇಳಿಯುವಾಗ ಮಾತ್ರ ಇದೆ. ಅದನ್ನೂ ಹಾಡುತ್ತಿದ್ದೀರಿ ಅಂತ ನನ್ನ ಅನುಮಾನ. ರೆಕಾರ್ಡ್ ಮಾಡಿ ನೋಡಿ.

ಅಲಂಕಾರದಲ್ಲೇ ನಿಂತವಳು

ನೋಡಿದೆ. ಹಾಡುತ್ತಿದ್ದೇನೆ.